ಹರಕತ್ತಿಲ್ಲ

ಮಡ್ಡಿವಾಡಿ ಎನ್ನುವ ಹೆಸರಿನಲ್ಲಿ ಮಡ್ಡಿ ಕನ್ನಡದ್ದು, ವಾಡಿ ಮರಾಠಿಯದು. ಮರಾಠಿ ರಾಜ್ಯದ ಗಡಿಯಲ್ಲಿರುವ ಜತ್ತ ತಾಲೂಕಿನಲ್ಲಿ ಇದೇನು ದೊಡ್ಡ ಮಾತಲ್ಲ. ಅಲ್ಲಿಯ ಮಂದಿ ಜಗಳಕ್ಕೆ ಒಂದು ಭಾಷೆ, ಅರ್ಜಿಗೆ ಇನ್ನೊಂದು ಭಾಷೆ ಇಟ್ಟುಕೊಂಡು, ಎರಡರಲ್ಲೂ ಸೋಲುತ್ತ ಗೆಲ್ಲುತ್ತ ಬಂದವರು. ಶೇಗಾಂವದ ಕಡೆಗೆ ಹೋಗುವ ರಸ್ತೆಗೆ ಡಾಂಬರು ಬಿದ್ದು, ಎರಡು ಪೆಟ್ರೋಲ್ ಪಂಪು, ಒಂದು ಮಂಗಲ ಕಾರ್ಯಾಲಯ, ಒಬ್ಬ ಹಲ್ಲಿನ ಡಾಕ್ಟರ ಬಂದಮೇಲೆ ಮಡ್ಡಿವಾಡಿ ಇನ್ನು ಹಳ್ಳಿಯಲ್ಲ ಎಂದು ಸರಕಾರಕ್ಕೆ ಅನ್ನಿಸಿತು. ಗ್ರಾಮ ಪಂಚಾಯತಿಯ ಬೋರ್ಡು ಇಳಿಸಿ ನಗರ ಪಂಚಾಯತಿಯ ಬೋರ್ಡು ಏರಿಸಿದರು. ಊರು ಶಹರವಾಯಿತು. ನಳದ ನೀರಿಗೆ ಮಾತ್ರ ಈ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಅದು ಹಳ್ಳಿಯ ಪದ್ಧತಿಯಂತೆ ನಾಲ್ಕು ದಿನಕ್ಕೊಮ್ಮೆಯೇ ಬರುತ್ತಿತ್ತು.

ಶಹರವೆಂದಮೇಲೆ ಒಂದು ಬಗೀಚಾ ಬೇಕು. ನಕಾಶೆ ತಯಾರಾಯಿತು. ಊರ ಮೂಡಲಿಗಿದ್ದ ಗಾಯರಾನ, ಅಂದರೆ ದನ ಕುರಿ ಮೇಯಲೆಂದು ಹಿಂದಿನವರು ಬಿಟ್ಟ ಸರಕಾರಿ ನೆಲ, ಅದರ ಮೇಲೆ ಹಸಿರು ಬಣ್ಣ ಬಳಿದು, ಸುತ್ತಲೂ ಒಂದು ಕೆಂಪು ಗೆರೆ ಎಳೆದಿದ್ದರು. ಆ ಕೆಂಪು ಗೆರೆ ಎಂದರೆ ವಾಕಿಂಗ್ ಮಾಡುವವರ ಹಾದಿ. ಊರವರು ಮಡ್ಡಿ ಎನ್ನುತ್ತಿದ್ದ ಆ ಹಸಿರಿನೊಳಗೆ ಇಪ್ಪತ್ತೇಳು ಮನೆಗಳಿದ್ದವು. ಬಹುತೇಕ ಕುರಿ ಕಾಯುವವರವು. ಐದಾರು ಗಾದಿ ತುಂಬುವ ಮುಸಲ್ಮಾನರವು. ದಿನಕ್ಕೆ ಎಂಟು ಹತ್ತು ಮೈಲು ಕುರಿ ಹಿಂದೆ ನಡೆಯುವವರನ್ನು ಎಬ್ಬಿಸಿ, ನಡೆಯದವರು ನಡೆಯಲಿ ಎಂದು ಅಲ್ಲಿ ಹಾದಿ ಮಾಡುವ ಯೋಜನೆ ಅದು. ಎಬ್ಬಿಸಿದವರಿಗೆ ಸೊರಡಿಯ ದಿಕ್ಕಿನಲ್ಲಿ, ಮೂರು ಅಂತಸ್ತಿನ ಕಟ್ಟಡದಲ್ಲಿ ಒಂದೊಂದು ಖೋಲಿ. ಕುರಿಗಳು ಮೆಟ್ಟಿಲು ಏರುತ್ತವೆಯೇ ಎಂದು ನಕಾಶೆಯವರು ಯಾರನ್ನೂ ವಿಚಾರಿಸಿದ್ದಿಲ್ಲ.

ಕಾಯ್ದೆ ಮಾತ್ರ ಒಳ್ಳೆಯದು. ಮಂದಿಯನ್ನು ಕೇಳದೆ ಮುಂದೆ ಹೋಗುವ ಹಾಗಿಲ್ಲ. ಕನ್ನಡದಲ್ಲಿ ಕೇಳುವುದು ಎಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಮರಾಠಿಯಲ್ಲಿ ಇವಕ್ಕೆ ಎರಡು ಬೇರೆ ಬೇರೆ ಶಬ್ದಗಳಿವೆ. ಕಚೇರಿ ಮೊದಲನೆಯದನ್ನು ಆರಿಸಿಕೊಂಡಿತ್ತು. ‘ಯಾರದಾದರೂ ಹರಕತ ಇದ್ದರೆ ಸುನಾವಣಿಗೆ ಬಂದು ಹೇಳಬೇಕು’ ಎಂದು ನೋಟೀಸು ಅಂಟಿಸಿದರು. ಹರಕತ ಎಂದರೆ ತಕರಾರು, ಆಕ್ಷೇಪ. ಸುನಾವಣಿ ಎಂದರೆ ಆ ತಕರಾರು ಹೇಳಿಕೊಳ್ಳಲು ಗೊತ್ತುಮಾಡಿದ ದಿನ.

ಮಡ್ಡಿಯ ಮಂದಿಗೆ ಮರಾಠಿ ಬರುವುದಿಲ್ಲವೆಂದಲ್ಲ. ಉಣ್ಣೆ ಮಾರುವಷ್ಟು, ಬಸ್ಸಿನಲ್ಲಿ ಸೀಟಿಗೆ ಜಗಳಾಡುವಷ್ಟು ಎಲ್ಲರಿಗೂ ಬರುತ್ತಿತ್ತು. ಆದರೆ ಸಾಹೇಬನ ಎದುರಿಗೆ ಒಂದು ಮಾತು ಹೆಚ್ಚುಕಡಿಮೆಯಾದರೆ ಇಪ್ಪತ್ತೇಳು ಮನೆ ಹೋದಾವು. ಅದಕ್ಕೇ ಅವರು ಮಹಾಂತ ಮಾಸ್ತರರ ಮನೆಗೆ ಬಂದರು.

ಮಹಾಂತ ಮಾಸ್ತರರು ಕನ್ನಡ ಸಾಲೆಯಲ್ಲಿ ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿ ನಿವೃತ್ತರಾದವರು. ಊರಲ್ಲಿ ಯಾರಿಗೆ ಪತ್ರ ಬಂದರೂ ಮೊದಲು ಅವರ ಕನ್ನಡಕದ ಕೆಳಗೇ ಹೋಗಬೇಕು. ಕಲಿಸಿದ್ದು ಕನ್ನಡವಾದರೂ ಅವರು ಪ್ರಾಣ ಇಟ್ಟುಕೊಂಡದ್ದು ಮರಾಠಿಯಲ್ಲಿ. ಅದಕ್ಕೊಂದು ಕಾರಣವಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಶಿಕ್ಷಕರ ತರಬೇತಿಗೆ ಸಾಂಗಲಿಯ ಕಡೆ ಹೋದಾಗ, ತಲೆನೋವು ಎಂದು ಹೇಳಹೋಗಿ ‘ಮಾಝೀ ಡೋಕಂ’ ಅಂದುಬಿಟ್ಟಿದ್ದರು. ಕನ್ನಡದವನಿಗೆ ತಲೆ ಎಂದರೆ ತಲೆ. ಅದು ಗಂಡೋ ಹೆಣ್ಣೋ ನಪುಂಸಕವೋ ಎಂದು ನೋವಿನ ಹೊತ್ತಿನಲ್ಲಿ ವಿಚಾರ ಮಾಡುವ ಪ್ರಸಂಗ ಬಂದಿರುವುದಿಲ್ಲ. ತರಗತಿಗೆ ತರಗತಿಯೇ ನಕ್ಕಿತು. ಮುಂದೆ ಎರಡು ವರ್ಷ ‘ಕಾನಡಿ ಅಪ್ಪಾ, ನಿನ್ನ ತಲೆ ಹೇಗಿದ್ದಾಳೆ?’ ಎಂದು ಕೇಳುತ್ತಲೇ ಇದ್ದರು. ಅಂದಿನಿಂದ ಮಾಸ್ತರರು ತಮ್ಮ ಮರಾಠಿಯನ್ನು ಉಜ್ಜಿ ಉಜ್ಜಿ, ಹಿತ್ತಾಳೆಯ ತಂಬಿಗೆಯ ಹಾಗೆ ಮುಖ ಕಾಣುವಂತೆ ಮಾಡಿಟ್ಟಿದ್ದರು. ಕಾಣುತ್ತಿದ್ದದ್ದು ಅವರದೇ ಮುಖ, ಅದು ಬೇರೆ ಮಾತು.

“ಮಾಸ್ತರ್ರ, ನಮ್ಮ ಬಾಯಿ ನೀವಽ,” ಎಂದಳು ಚಂದ್ರಾಬಾಯಿ. ಅರವತ್ತೈದರ ಹೆಂಗಸು, ಗೊಲ್ಲಾಳಪ್ಪನ ಹೆಂಡತಿ. ಗಂಡಸರು ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ನದಿಯ ಸೀಮೆಗೆ ಹೋದರೆ, ಮಳೆಗಾಲದವರೆಗೆ ಮಡ್ಡಿಯ ಯಜಮಾನಿಕೆ ಅವಳದೇ. “ನಾ ಮೂರು ಮಾತು ಹೇಳತೀನ್ರಿ. ಮೂರಽ ಮೂರು. ನೀವು ಅದನ್ನ ಅವರ ಭಾಷಾದಾಗ ಮಾಡಿ ಒಗೀರಿ.”

“ಒಗಿಯೂದು ಏನು ಅಕ್ಕಾ, ಮುಟ್ಟಸೋಣ,” ಅಂದರು ಮಾಸ್ತರರು. ಮೂರನ್ನೂ ಅವಳು ಅಲ್ಲೇ ಒಮ್ಮೆ ಹೇಳಿ ತೋರಿಸಿದಳು.

ಸುನಾವಣಿ ಹನ್ನೊಂದಕ್ಕೆಂದು ಹೇಳಿದ್ದರು. ಸಮಾಜ ಮಂದಿರದ ಮೇಲಿನ ತಗಡಿನ ಪತ್ರಾಸು ಕಾದು, ಫ್ಯಾನು ಬಿಸಿಗಾಳಿಯನ್ನೇ ಸಮನಾಗಿ ಹಂಚುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಖಾಲಿ ಇದ್ದರೂ ಹೆಂಗಸರೆಲ್ಲ ನೆಲಕ್ಕೇ ಕುಳಿತಿದ್ದರು.

“ಕುರ್ಚಿ ಮ್ಯಾಲ ಕುಂದ್ರವಾ ಅಕ್ಕಾ,” ಅಂದ ಗಾದಿಯ ಗುಲಾಬ. “ನಾಳಿ ಬಗೀಚಾದಾಗ ಬೆಂಚಿನ ಮ್ಯಾಲ ಕುಂಡ್ರೂ ರೂಢಿ ಆಗಬೇಕಲ್ಲ.”

“ನೀ ಮೊದಲ ಗಾದಿ ಹಾಸಪಾ, ಆಮ್ಯಾಲೆ ಏರ್ತೀವಿ,” ಅಂದಳು ಚಂದ್ರಾಬಾಯಿ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ನಗರ ಪಂಚಾಯತಿಯ ಸಾಹೇಬರು ಬಂದದ್ದು ಹನ್ನೆರಡೂವರೆಗೆ. ಕೆಟ್ಟ ಮನುಷ್ಯನೆಂದು ಯಾರೂ ಹೇಳುವಂತಿರಲಿಲ್ಲ. ಮೂವತ್ತರ ಆಸುಪಾಸಿನ ಹುಡುಗ, ಇಸ್ತ್ರಿಯ ಅಂಗಿ, ದಣಿದ ಕಣ್ಣು. ಬಂದವರೇ ನಿಂತು ಕೈ ಮುಗಿದು ಮರಾಠಿಯಲ್ಲಿ ಅಂದರು: “ತಡವಾಯಿತು, ಕ್ಷಮಿಸಬೇಕು. ಬಗೀಚಾದ ಯೋಜನೆಗೆ ನಿಮ್ಮದೇನಾದರೂ ಹರಕತ ಇದೆಯೇ?” ಎರಡೂ ಒಂದೇ ಉಸಿರಿನಲ್ಲಿ.

ಮಾಸ್ತರರು ಎದ್ದು ಅಂಗಿಯ ತುದಿ ಎಳೆದುಕೊಂಡರು. ಮಡ್ಡಿಯ ಹೆಂಗಸಿನ ಮುಂದೆ ಒಬ್ಬ ಸಾಹೇಬ ಕೈಮುಗಿದು ಕ್ಷಮೆ ಕೇಳುವುದು ಅವರು ಕಂಡು ಕೇಳಿದ ಸಂಗತಿಯಲ್ಲ. ಆ ಸವಿಯನ್ನು ಸ್ವಲ್ಪ ನಿಲ್ಲಿಸಿ ಬಡಿಸಬೇಕೆನ್ನಿಸಿತು. “ನೋಡ್ರಿ ಚಂದ್ರಾಬಾಯಿ,” ಅಂದರು, “ತಡಾ ಆತು, ಕ್ಷಮಾ ಮಾಡ್ರಿ ಅಂತ ಸಾಹೇಬ್ರು ನಿಮಗ ಕೇಳಾಕತ್ತಾರ.” ಇಷ್ಟು ಹೇಳಿ, ಉಳಿದರ್ಧಕ್ಕೆ ಮುನ್ನ ಒಂದು ಉಸಿರು ತೆಗೆದುಕೊಂಡರು.

ಆ ಉಸಿರಿನೊಳಗೆ ಚಂದ್ರಾಬಾಯಿ ನಾಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಆಡಿಸಿ ಅಂದಳು: “ಅಯ್ಯ, ಹರಕತ್ತಿಲ್ರಿ ಸಾಹೇಬ್ರ!”

ಆ ಸೀಮೆಯಲ್ಲಿ ಹರಕತ್ತಿಲ್ಲ ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡುತ್ತಾರೆ. ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೇ? ಹರಕತ್ತಿಲ್ಲ. ಬಸ್ಸಿನಲ್ಲಿ ಕಾಲು ತುಳಿದರೇ? ಹರಕತ್ತಿಲ್ಲ. ಅದು ಒಪ್ಪಿಗೆಯಲ್ಲ, ಎದುರಿನವನ ಮುಖ ಸಣ್ಣದಾಗಬಾರದೆಂಬ ಮರ್ಯಾದೆ. ಶಬ್ದ ಮರಾಠಿಯಿಂದ ಬಂದದ್ದೇ, ಮರಾಠಿ ಮಂದಿಯೂ ಹಾಗೆ ಅನ್ನುತ್ತಾರೆ. ಆದರೆ ಕಚೇರಿಯ ಕಾಗದದ ಮೇಲೆ ಇಳಿದಾಗ ಆ ಶಬ್ದ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತದೆ.

ಸಾಹೇಬರು ಹುಬ್ಬೇರಿಸಿದರು. “ಹರಕತ ನಾಹೀ?” ಎಂದು ಮಾಸ್ತರರ ಕಡೆ ನೋಡಿದರು. “ಏನಂದರು ಅವರು?”

ಇಲ್ಲಿ ಮಾಸ್ತರರಿಗೆ ಎರಡು ದಾರಿ ಇದ್ದವು. ‘ಅದು ನಿಮ್ಮ ಕ್ಷಮಾಪಣೆಗೆ ಉತ್ತರ, ಪ್ರಶ್ನೆಯನ್ನು ನಾನಿನ್ನೂ ಹೇಳಿಲ್ಲ’ ಎನ್ನಬಹುದಿತ್ತು. ಅಂದರೆ ಇಡೀ ಸಭೆಯ ಎದುರಿಗೆ ತಮ್ಮ ಭಾಷಾಂತರ ನಡುವೆಯೇ ಮುಗ್ಗರಿಸಿತೆಂದು ಒಪ್ಪಿಕೊಳ್ಳಬೇಕು. ಸಾಹೇಬರು ಕೇಳಿದ್ದಾದರೂ ಏನು? ಏನಂದರು ಎಂದಷ್ಟೇ. ಏನು ಅಂದಳೋ ಅದನ್ನು ಹೇಳಿದರಾಯಿತು.

“ಹರಕತ ನಾಹೀ ಮ್ಹಣತಾತ,” ಅಂದರು ಮಾಸ್ತರರು. ತಕರಾರಿಲ್ಲ ಅನ್ನುತ್ತಾರೆ. ಒಂದೊಂದು ಅಕ್ಷರವೂ ನಾಣ್ಯದ ಹಾಗೆ ದುಂಡಾಗಿ ಬಿತ್ತು.

ಸಾಹೇಬರ ಮುಖ ಅರಳಿತು. “ವಾ! ಗುರುಜಿ, ನೀವು ಪುಣೆಯವರೇನು? ಇಷ್ಟು ಶುದ್ಧ ಮರಾಠಿ ಈ ಭಾಗದಲ್ಲಿ ನಾನು ಕೇಳಿಯೇ ಇಲ್ಲ.”

ನಾಲ್ವತ್ತೆರಡು ವರ್ಷಗಳ ಹಿಂದಿನ ಒಂದು ತರಗತಿ ನಗುವುದನ್ನು ನಿಲ್ಲಿಸಿತು. ಮಾಸ್ತರರ ಕಿವಿ ಬೆಚ್ಚಗಾದವು. ಬದಿಯ ಮೇಜಿನಲ್ಲಿ ಕಾರಕೂನ ಹುಡುಗಿ ದೀಪಾಲಿ ಬರೆದುಕೊಳ್ಳುತ್ತಿದ್ದ ಪೆನ್ನಿನ ಸಪ್ಪಳ ಅವರಿಗೆ ಕೇಳಿಸಿತು. ಕೇಳಿಸಿತು ಎನ್ನುವುದೇ ಮುಖ್ಯ. ಆಗಲೂ ಹೊತ್ತು ಮೀರಿರಲಿಲ್ಲ. ಚಂದ್ರಾಬಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತಿದ್ದಳು. “ಈಗ ನಾ ಹೇಳ್ಲೇನ್ರಿ ಮಾಸ್ತರ್ರ?” ಅಂದಳು.

ಮಾಸ್ತರರು ಬಲಗೈಯ ಅಂಗೈ ಕೆಳಗೆ ಮಾಡಿ, ಗದ್ದಲ ಮಾಡುವ ಎರಡನೇ ಇಯತ್ತೆಯ ಹುಡುಗರಿಗೆ ಮಾಡುತ್ತಿದ್ದ ಹಾಗೆ, ಗಾಳಿಯನ್ನು ಎರಡು ಸಲ ಮೆಲ್ಲಗೆ ಒತ್ತಿದರು. ಅವಳು ಕುಳಿತಳು. ಸಾಹೇಬರಿಗೆ ವಳಸಂಗದಲ್ಲಿ ಇನ್ನೊಂದು ಕೆಲಸವಿತ್ತು, ಎದ್ದರು. ಯಾರೋ ಚಪ್ಪಾಳೆ ತಟ್ಟಿದರು. ಯಾಕೆಂದು ಗೊತ್ತಿಲ್ಲದಿದ್ದರೂ ಇರಲಿ ಎಂದು ಮಡ್ಡಿಯ ಹೆಂಗಸರೂ ತಟ್ಟಿದರು.

ಹೊರಗೆ ಬೇವಿನ ನೆರಳಿನಲ್ಲಿ ಚಂದ್ರಾಬಾಯಿ ಮಾಸ್ತರರನ್ನು ತಡೆದಳು. “ಹಂಗಽ ಎದ್ದು ಹೋದ್ರಲ್ರಿ? ನನ್ನ ಮೂರೂ ಮಾತು ಹೊಟ್ಯಾಗಽ ಉಳದಾವ.”

“ಸಾಹೇಬ್ರಿಗೆ ಲಗೂ ಇತ್ತು.”

“ಮತ್ತ ನಮ್ಮ ಮಾತು?”

“ಮುಟ್ಟಸೇನಿ,” ಅಂದರು ಮಾಸ್ತರರು.

“ನೀವು ಅದೀರಿ ಅಂತನಽ ಧೈರ್ಯ ನೋಡ್ರಿ,” ಎಂದು ಅವಳು ಅವರ ಕಾಲ ಕಡೆಗೆ ಬಗ್ಗಿದಳು. ತಮಗಿಂತ ನಾಲ್ಕು ವರ್ಷ ಹಿರಿಯಳು. ಮಾಸ್ತರರು ಹಿಂದೆ ಸರಿದರು. ಅವಳಿಗೆ ಅದು ವಿನಯವಾಗಿ ಕಂಡಿತು.

ಹದಿನೈದು ದಿನಕ್ಕೆ ಕಚೇರಿಯ ಗೋಡೆಗೆ ಸುನಾವಣಿಯ ವರದಿ ಅಂಟಿಸಿದರು. ಗುಲಾಬನ ಮಗಳು ನಾಹಿದ ಜತ್ತದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದವಳು. ಅದರ ಫೋಟೊ ತೆಗೆದುಕೊಂಡು ಬಂದು ಗಲ್ಲಿಯ ನಡುವೆ ನಿಂತು ಓದಿ ಹೇಳಿದಳು: ‘ಗಾಯರಾನದ ರಹಿವಾಸಿಗಳ ಪರವಾಗಿ ಶ್ರೀಮತಿ ಚಂದ್ರಾಬಾಯಿ ಇವರು ಯೋಜನೆಗೆ ಹರಕತ ಇಲ್ಲವೆಂದು ತಿಳಿಸಿದರು. ಯೋಜನೆ ಮಂಜೂರಿಗೆ ಕಳಿಸಲಾಗುವುದು. ಈ ವರದಿಯಲ್ಲಿ ದುರಸ್ತಿ ಇದ್ದರೆ ಬರುವ ಸೋಮವಾರ ಸಂಜೆ ಐದರೊಳಗೆ ತಿಳಿಸಬೇಕು.’

ಇಡೀ ಗಲ್ಲಿ ಮಾಸ್ತರರ ಅಂಗಳಕ್ಕೆ ಬಂತು. ಮಾಸ್ತರರ ಹೆಂಡತಿ ಸಾವಿತ್ರವ್ವ ಚಾಪೆ ಹಾಸಿದಳು, ಯಾರೂ ಕೂಡಲಿಲ್ಲ.

“ಸರ,” ಅಂದಳು ನಾಹಿದ. ನಾಲ್ಕನೇ ಇಯತ್ತೆವರೆಗೆ ಅವರ ಕೈಯಲ್ಲೇ ಕಲಿತವಳು. “ಅವತ್ತ ನೀವು ಸಾಹೇಬ್ರಿಗೆ ಏನಂತ ಹೇಳಿದ್ರಿ?”

“ಚಂದ್ರಾಬಾಯಿ ಏನಂದ್ರು, ಅದನ್ನಽ ಹೇಳೇನಿ.”

“ಅಕ್ಕಾ ಏನಂದಿದ್ರು?”

ಮಾಸ್ತರರು ಉತ್ತರಿಸುವ ಮೊದಲೇ ಚಂದ್ರಾಬಾಯಿ ಅಂದಳು: “ಹರಕತ್ತಿಲ್ಲ ಅಂದೆ ನಾನು. ಹೌದು. ನನ್ನ ಬಾಯಾಗಿನ ಮಾತಽ ಅದು.” ಅವಳ ಮುಖದ ಬಣ್ಣ ಹೋಗಿತ್ತು. “ತಡಾ ಆತು ಅಂದ್ರಲ್ಲ, ಅದಕ್ಕ ಅಂದೆ. ಸಾಹೇಬ್ರು ಇದಕ್ಕ ಹಚಗೊಂಡ್ರೇನು?”

“ಅಂದ್ರ ತಿರುಗಿಸಿ ಹೇಳಿದವರು...” ಎಂದು ನಾಹಿದ ಶುರುಮಾಡಿದಳು.

“ಏ ಹುಡುಗಿ, ಸುಮ್ಮ ಕೂಡು! ಮಾಸ್ತರ್ರು ತಪ್ಪು ಹೇಳ್ತಾರೇನು? ನಮ್ಮಪ್ಪನ ಹೆಸರು ಬರಿಯೂದು ನನಗ ಕಲಿಸಿದವರು ಯಾರು? ರಾತ್ರಿ ಸಾಲಿ ನಡಿಸಿ ಕಲಿಸಿದವರು ಯಾರು?” ಎಂದು ಚಂದ್ರಾಬಾಯಿ ತನ್ನ ಎರಡೂ ಗಲ್ಲಕ್ಕೆ ಪಟಪಟನೆ ಹೊಡೆದುಕೊಂಡಳು. “ಈ ಬಾಯಿ. ಈ ಬಾಯಿಗೆ ಹುಳ ಬೀಳ್ಲಿ.”

“ಬಿದ್ದರೇನು, ಮನಿ ಉಳೀತಾವೇನು?” ಹಿಂದಿನಿಂದ ಮಲಕವ್ವ ಅಂದಳು. ಅವಳ ಮನೆ ಚಂದ್ರಾಬಾಯಿಯ ಗೋಡೆಗೆ ಗೋಡೆ. “ಮುಂದಿನ ಕುರಿ ಹಳ್ಳಕ್ಕ ಬಿದ್ರ ಹಿಂಡೆಲ್ಲಾ ಹಳ್ಳಕ್ಕ. ಯಜಮಾನಿಕಿ ಬೇಕಿತ್ತಲ್ಲ, ತಗೋ.”

ಮಾಸ್ತರರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಹೇಳುವುದು ಒಂದೇ ವಾಕ್ಯವಿತ್ತು. ಅದಕ್ಕಾಗಿ ಬಾಯಿ ತೆರೆದೂ ತೆರೆದರು. ಹೊರಬಂದದ್ದು, “ನೋಡೋಣ, ಒಂದು ಅರ್ಜಿ ಮಾಡೋಣ,” ಎಂದು. ಮಂದಿ ಹೋದರು. ಹೋಗುವಾಗ ಚಂದ್ರಾಬಾಯಿಯ ಜೊತೆ ಯಾರೂ ನಡೆಯಲಿಲ್ಲ. ಅವಳು ಹತ್ತು ಹೆಜ್ಜೆ ಹಿಂದೆ, ಒಬ್ಬಳೇ.

ಮರುದಿನದಿಂದ ಮಡ್ಡಿಯಲ್ಲಿ ಚಂದ್ರಾಬಾಯಿಯ ಮನೆಗೆ ಬೆಂಕಿ ಕೇಳಲೂ ಯಾರೂ ಹೋಗಲಿಲ್ಲವೆಂಬ ಸುದ್ದಿ ಸಾವಿತ್ರವ್ವ ತಂದಳು. ನಳ ಬಂದಾಗ ಅವಳ ಕೊಡ ತಾನೇ ಹಿಂದಕ್ಕೆ ಸರಿಯಿತಂತೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಾವಿತ್ರವ್ವ ರೊಟ್ಟಿ ಬಡಿಸುತ್ತ, “ಪಲ್ಯಾಕ ಉಪ್ಪ ಹೆಚ್ಚಾಗೈತಿ,” ಅಂದಳು.

“ಹರಕತ್ತಿಲ್ಲ,” ಅಂದರು ಮಾಸ್ತರರು, ತಮಗೇ ಅರಿವಿಲ್ಲದೆ.

ಸಾವಿತ್ರವ್ವ ಕೈಯಲ್ಲಿನ ರೊಟ್ಟಿ ಬುಟ್ಟಿಗೆ ಹಾಕಿ ಅವರನ್ನೇ ನೋಡಿದಳು. “ಅಂದ್ರ ನಾಳಿಂದ ದಿನಾ ಹಿಂಗಽ ಉಪ್ಪ ಹಾಕಿದ್ರ ನಡೀತೈತಿ ಅಂತ ಬರಕೊಳ್ಲೇನ್ರಿ?”

ಮಾಸ್ತರರು ತಾಟಿನಲ್ಲೇ ಕೈ ತೊಳೆದರು.

ಸೋಮವಾರ ಬೆಳಿಗ್ಗೆ ಅವರು ಅರ್ಜಿ ಬರೆದರು. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಮಡಚಿ ಕಿಸೆಗೆ ಹಾಕಿಕೊಂಡು ಕಚೇರಿಗೆ ಹೋದರು. ಒಳ್ಳೆಯ ಮರಾಠಿ. ಅದರ ಸಾರ ಇಷ್ಟು: ‘ಸದರಿ ಸುನಾವಣಿಯಲ್ಲಿ ಶಬ್ದಾರ್ಥದ ಸಂದಿಗ್ಧತೆಯಿಂದಾಗಿ ತಪ್ಪು ತಿಳುವಳಿಕೆ ಉಂಟಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.’

ದೀಪಾಲಿ ಎರಡು ಸಲ ಓದಿದಳು. ಮಿರಜ ಕಡೆಯ ಹುಡುಗಿ, ಗೌರವದ ಮಾತು. “ಗುರುಜಿ, ಭಾಷೆ ಬಹಳ ಚೆನ್ನಾಗಿದೆ. ಇದರಲ್ಲಿ ತಪ್ಪು ಇದೆ, ತಿಳುವಳಿಕೆ ಇದೆ, ಸಂದಿಗ್ಧತೆ ಇದೆ, ಸಾಧ್ಯತೆಯೂ ಇದೆ. ಮನುಷ್ಯ ಎಲ್ಲಿದ್ದಾನೆ?”

ಮಾಸ್ತರರು ಕನ್ನಡಕ ಒರೆಸಿದರು. ಮೂವತ್ತನಾಲ್ಕು ವರ್ಷ ಅವರು ಮಕ್ಕಳಿಗೆ ಹೇಳಿಕೊಟ್ಟದ್ದು ಅದನ್ನೇ: ಮೊದಲು ಕರ್ತೃವನ್ನು ಹುಡುಕಿರಿ, ಉಳಿದದ್ದು ತಾನೇ ಸಿಗುತ್ತದೆ.

“ಸಾಹೇಬರು ಒಂದೇ ಕೇಳುತ್ತಾರೆ,” ಎಂದಳು ದೀಪಾಲಿ. “ಹೇಳಿದವರು ತಪ್ಪಿದರೋ, ತಿರುಗಿಸಿದವರು ತಪ್ಪಿದರೋ? ಹೇಳಿದವರೇ ತಪ್ಪಿದ್ದರೆ ಏನೂ ಮಾಡಲು ಬರುವುದಿಲ್ಲ. ಮೊದಲು ಹೂಂ ಅಂದು ಆಮೇಲೆ ಮನಸ್ಸು ಬದಲಾಯಿಸಿದರೆಂದು ಆಗುತ್ತದೆ. ತಿರುಗಿಸಿದವರು ತಪ್ಪಿದ್ದರೆ ಮತ್ತೆ ಸುನಾವಣಿ ಇಡಲೇಬೇಕು.” ಅವಳು ಫೈಲು ತಿರುವಿ ಒಂದು ಕಾಗದ ಹೊರತೆಗೆದಳು. “ಸಾಲದ್ದಕ್ಕೆ ಇದೊಂದು ಶುಕ್ರವಾರವೇ ಬಂದು ಕೂತಿದೆ.”

ಹೊರಗೆ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದುಕೊಡುವ ಅಪ್ಪಾಸಾಬನ ಅಕ್ಷರ. ಅವನಿಗೆ ಹೇಳಿ ಬರೆಸಿದ ಮಾತು: ‘ನಾನು ಚಂದ್ರಾಬಾಯಿ, ಗೊಲ್ಲಾಳಪ್ಪನ ಹೆಂಡತಿ. ತಿಳಿಯದೆ ನಾನು ತಪ್ಪು ಮಾತು ಆಡಿದೆ. ಮನೆಗಳನ್ನು ಕೆಡವಬಾರದು. ಬೇಕಾದರೆ ನನ್ನದೊಂದನ್ನು ಕೆಡವಿರಿ. ಈ ವಿಷಯದಲ್ಲಿ ಗುರುಜಿಯವರ ಮೇಲೆ ಯಾವ ದೋಷವೂ ಇಲ್ಲ.’ ಕೆಳಗೆ ಹೆಬ್ಬೆಟ್ಟು ಅಲ್ಲ. ಓರೆಯಾದ, ಒಂದೊಂದು ಅಕ್ಷರವೂ ಬೇರೆ ಬೇರೆ ದಿಕ್ಕಿಗೆ ನೋಡುವ ಕನ್ನಡದ ಸಹಿ. ಆ ‘ಚಂ’ದ ಸೊನ್ನೆಯನ್ನು ಅಷ್ಟು ದೊಡ್ಡದು ಮಾಡಬಾರದೆಂದು ಅವರೇ ಎಷ್ಟೋ ಸಲ ಹೇಳಿದ್ದರು.

“ಫೈಲಿನಲ್ಲಿ ಇದೊಂದೇ ಇದ್ದರೆ ಕೆಲಸ ಮುಗಿಯಿತು ಗುರುಜಿ,” ಎಂದಳು ದೀಪಾಲಿ ತಗ್ಗಿದ ದನಿಯಲ್ಲಿ. “ಅಜ್ಜಿಗೆ ಗೊತ್ತಿಲ್ಲ. ಉಳಿಸಲು ಬಂದು, ತಾವೇ ಕೈಯಾರೆ ಮುಗಿಸಿ ಹೋಗಿದ್ದಾರೆ.”

ಮಾಸ್ತರರು ಒಂದು ಬಿಳಿ ಹಾಳೆ ಕೇಳಿದರು. ಬೆಂಚಿನ ಮೇಲೆ ಕುಳಿತರು. ‘ನಾನು’ ಎಂದು ಬರೆದರು. ಅದಾದಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ಪಕ್ಕದಲ್ಲಿ ಯಾರೋ ಜನನದ ದಾಖಲೆಗೆ ಬಂದವರು, ‘ಅಜ್ಜಾರ, ಬರಿಯಾಕ ಬರೂದಿಲ್ಲೇನು? ಕೊಡ್ರಿ ನಾ ಬರೀತೀನಿ’ ಅಂದರು. ಮಾಸ್ತರರು ಬೇಡವೆಂದು ತಲೆಯಾಡಿಸಿದರು.

ಕೊನೆಗೆ ಆದದ್ದು ಏಳು ಸಾಲು. ‘ನಾನು ಮಹಾಂತ, ನಿವೃತ್ತ ಶಿಕ್ಷಕ. ಸಾಹೇಬರ ಪ್ರಶ್ನೆಯನ್ನು ನಾನು ಚಂದ್ರಾಬಾಯಿಗೆ ಹೇಳಲೇ ಇಲ್ಲ. ತಡವಾದದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ಯೋಜನೆಗೆ ಕೊಟ್ಟ ಉತ್ತರವೆಂದು ನಾನು ಹೇಳಿದೆ. ಹೇಳಿದ ಕ್ಷಣದಲ್ಲೇ ಅದು ನನಗೆ ಗೊತ್ತಾಗಿತ್ತು. ಆಕೆ ಮಾತಾಡಲು ಎದ್ದಾಗ ನಾನು ಕೈಮಾಡಿ ಕೂಡಿಸಿದೆ. ನಿಮ್ಮ ಮಾತು ಮುಟ್ಟಿಸಿದ್ದೇನೆಂದು ಆಮೇಲೆ ಸುಳ್ಳು ಹೇಳಿದೆ. ತಪ್ಪು ನನ್ನದು.’

ದೀಪಾಲಿ ಓದಿದಳು. ಕೊನೆಯ ಸಾಲಿಗೆ ಬಂದು ಅವರ ಮುಖ ನೋಡಿ, ತನ್ನ ಪೆನ್ನಿನಿಂದ ಒಂದು ಕಡೆ ತಿದ್ದಿದಳು. ಮಾಸ್ತರರು ‘ಮಾಝಾ ಚೂಕ’ ಎಂದು ಬರೆದಿದ್ದರು. ಮರಾಠಿಯಲ್ಲಿ ತಪ್ಪು ಹೆಣ್ಣು, ‘ಮಾಝೀ’ ಆಗಬೇಕು.

“ಇದನ್ನು ಸುನಾವಣಿಯ ದಿನ ಎಲ್ಲರೆದುರಿಗೆ ಓದಬೇಕಾಗುತ್ತದೆ ಗುರುಜಿ. ನಿಯಮ.”

“ಓದ್ರಿ,” ಅಂದರು ಮಾಸ್ತರರು ಕನ್ನಡದಲ್ಲಿ. ಅವಳಿಗೆ ಅರ್ಥವಾಯಿತು.

ಎರಡನೇ ಸುನಾವಣಿ ಮತ್ತೆ ಅದೇ ಸಮಾಜ ಮಂದಿರದಲ್ಲಿ. ಈ ಸಲ ಸಾಹೇಬರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದಿದ್ದರು. ಮಾಸ್ತರರು ಕೊನೆಯ ಸಾಲಿನಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಕುಳಿತರು. ಬರದೆ ಇರಬಹುದಿತ್ತು. ಬೆಳಿಗ್ಗೆ ಸಾವಿತ್ರವ್ವನೇ ಇಸ್ತ್ರಿ ಮಾಡಿದ ಅಂಗಿ ತಂದು ಎದುರಿಗೆ ಇಟ್ಟಿದ್ದಳು.

ದೀಪಾಲಿ ಓದಿದಳು. ಕಚೇರಿಯ ಮರಾಠಿಯಾಗಿದ್ದರೆ ಮಡ್ಡಿಯ ಮಂದಿಗೆ ಅರ್ಧ ತಪ್ಪಿಹೋಗುತ್ತಿತ್ತು. ಮಾಸ್ತರರ ದುರ್ದೈವ, ಅವರು ಜೀವಮಾನದಲ್ಲಿ ಬರೆದ ಅತಿ ಸರಳ ಮರಾಠಿ ಅದು. ಎಲ್ಲರಿಗೂ ತಿಳಿಯಿತು. ‘ಕೈಮಾಡಿ ಕೂಡಿಸಿದೆ’ ಎಂಬಲ್ಲಿ ಮಲಕವ್ವ ತಿರುಗಿ ಚಂದ್ರಾಬಾಯಿಯನ್ನು ನೋಡಿದಳು. ನೋಡಿ, ತನ್ನ ಕುಂಡಿ ಸರಿಸಿ ಅವಳ ಮಗ್ಗುಲಿಗೆ ಬಂದು ಕುಳಿತಳು. ಮಾತಿಗೊಂದು ಚೇಷ್ಟೆ ಮಾಡುವ ಗುಲಾಬ ಕೂಡ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನಿದ್ದ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತೆಂದು ಮಾಸ್ತರರಿಗೆ ಅನ್ನಿಸಿತು. ಬೈಗುಳಕ್ಕೆ ಮನುಷ್ಯ ತಲೆ ತಗ್ಗಿಸಬಹುದು. ಮೌನದಲ್ಲಿ ತಲೆಯನ್ನು ಎಲ್ಲಿಡುವುದೆಂದೇ ತಿಳಿಯುವುದಿಲ್ಲ.

“ಸರಿ,” ಎಂದರು ಸಾಹೇಬರು. “ಈಗ ಭಾಷಾಂತರಕ್ಕೆ ಯಾರು?”

ಮಾಸ್ತರರ ಮೈ, ತನ್ನ ರೂಢಿಯಂತೆ, ಅವರನ್ನು ಕೇಳದೆ ಅರ್ಧ ಎದ್ದುಬಿಟ್ಟಿತು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಸಪ್ಪಳವಾಯಿತು. ಸಭೆ ಹಿಂತಿರುಗಿ ನೋಡಿತು.

“ನೀವು ಕುಂದ್ರಿ ಮಾಸ್ತರ್ರ,” ಅಂದಳು ಚಂದ್ರಾಬಾಯಿ.

ಸಿಟ್ಟಿರಲಿಲ್ಲ. ಚುಚ್ಚುಮಾತೂ ಅಲ್ಲ. ಆ ‘ರಿ’ ಇದ್ದಲ್ಲೇ ಇತ್ತು, ಮರ್ಯಾದೆಗೆ ಒಂದು ಕೂದಲಷ್ಟೂ ಕೊರತೆಯಾಗಿರಲಿಲ್ಲ. ಮನೆಗೆ ಬಂದ ಹಿರಿಯರಿಗೆ, ಕೆಲಸ ನಾವು ನೋಡಿಕೊಳ್ಳುತ್ತೇವೆ ಎನ್ನುವಾಗ ಹೀಗೇ ಅನ್ನುತ್ತಾರೆ. ಮಾಸ್ತರರು ಕುಳಿತರು.

ನಾಹಿದ ಎದ್ದು ಮುಂದೆ ಹೋದಳು. ಚಂದ್ರಾಬಾಯಿ ಅವಳ ಪಕ್ಕ ನಿಂತು, ಸಾಹೇಬರ ಕಡೆಗಲ್ಲ, ದೀಪಾಲಿಯ ಪೆನ್ನಿನ ಕಡೆಗೆ ನೋಡುತ್ತ ಶುರುಮಾಡಿದಳು.

“ಒಂದನೇದ್ದು. ನಮ್ಮ ಮಾವನ ಹೆಣಾ ಇದಽ ಮಡ್ಡಿಯಿಂದ ಎದ್ದೈತಿ. ಬ್ಯಾರೆ ಕಾಗದ ನಮ್ಮಲ್ಲಿಲ್ಲ. ಬರಕೊಂಡಿ ಏನವಾ?” ದೀಪಾಲಿ ತಲೆಯಾಡಿಸುವವರೆಗೆ ಕಾದಳು. “ಎರಡನೇದ್ದು. ಗಂಡಸರು ಆರು ತಿಂಗಳ ಕುರಿ ಹಿಂದ ಇರ್ತಾರ. ನಾವು ಹೆಣಮಕ್ಕಳು, ಕೂಸುಗಳು, ಇಷ್ಟಽ. ಒಬ್ಬಾಕಿ ಒದರಿದ್ರ ಇಪ್ಪತ್ತಾರು ಬಾಗಲಾ ತೆರೀತಾವ. ನಿಮ್ಮ ಖೋಲ್ಯಾಗ ಒದರಿದ್ರ ಯಾರು ತೆರೀತಾರ? ಕೇಳವಾ ಅವರನ್ನ.”

ನಾಹಿದಳ ಮರಾಠಿ ಕಾಲೇಜಿನದು, ನಡುನಡುವೆ ದಖನಿ ನುಸುಳುತ್ತಿತ್ತು. ಎರಡು ಕಡೆ ಲಿಂಗ ತಪ್ಪಿತು. ಕೊನೆಯ ಸಾಲಿನಲ್ಲಿ ಮಾಸ್ತರರು ಎರಡನ್ನೂ ಎಣಿಸಿದರು, ಎಣಿಸಿದ್ದಕ್ಕೆ ನಾಚಿದರು. ಸಾಹೇಬರು ಮಾತ್ರ ನಗಲಿಲ್ಲ. ಅವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು.

“ಮೂರನೇದ್ದು,” ಅಂದಳು ಚಂದ್ರಾಬಾಯಿ, “ನಮ್ಮ ಹಟ್ಟಿ. ಮನಿ ಕಟ್ಟಿ ಕೊಡ್ತೀರಿ, ಹಟ್ಟಿ ಎಲ್ಲಿ ಕೊಡ್ತೀರಿ?”

ನಾಹಿದ ಬಾಯಿ ತೆರೆದು ನಿಂತಳು. “ಹಟ್ಟಿ...” ಎಂದಳು. ಮರಾಠಿಯ ಶಬ್ದ ಅವಳಿಗೆ ಹೊಳೆಯಲಿಲ್ಲ. ಗಾದಿ ತುಂಬುವವನ ಮಗಳು. ಹತ್ತಿಗೆ ಹತ್ತು ಶಬ್ದ ಬಲ್ಲಳು, ಕುರಿಗೆ ಕಡಿಮೆ. ಸಭೆಯಲ್ಲಿ ಒಂದು ಪಿಸುಮಾತು ಎದ್ದಿತು. ಮಾಸ್ತರರ ನಾಲಿಗೆಯ ತುದಿಯಲ್ಲಿ ಆ ಶಬ್ದ ಇತ್ತು. ಲಿಂಗ, ವಚನ, ವಿಭಕ್ತಿ ಸಮೇತ, ತಯಾರಾಗಿ.

ಚಂದ್ರಾಬಾಯಿ ತಿರುಗಿ ಕೊನೆಯ ಸಾಲಿನ ಕಡೆ ನೋಡಿದಳು. ಸಹಾಯ ಕೇಳುವ ನೋಟವಲ್ಲ ಅದು. ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ಮಲಗುವ ಮುಂಚೆ ಒಮ್ಮೆ ನೋಡುತ್ತಾರಲ್ಲ, ಹಾಗೆ. ಮಾಸ್ತರರು ತುಟಿ ಮುಚ್ಚಿಕೊಂಡೇ ಇದ್ದರು.

“ಸರ್,” ಎಂದು ನಾಹಿದ ಸಾಹೇಬರಿಗೆ ಹೇಳತೊಡಗಿದಳು, “ಇದಕ್ಕೆ ಶಬ್ದ ನನಗೆ ಗೊತ್ತಿಲ್ಲ. ರಾತ್ರಿ ಕುರಿಗಳು ಮಲಗುತ್ತವಲ್ಲ, ಮುಳ್ಳಿನ ಬೇಲಿ ಹಾಕಿ, ಆ ಜಾಗ. ಅದಕ್ಕೆ ಅಂಟಿಕೊಂಡೇ ಇವರೂ ಮಲಗಬೇಕು. ದೂರ ಮಲಗಿದರೆ ತೋಳ ಬಂದದ್ದು ಗೊತ್ತಾಗುವುದಿಲ್ಲ.”

“ಅಷ್ಟನ್ನೂ ಹಾಗೆಯೇ ಬರೆದುಕೊಳ್ಳಿ,” ಎಂದರು ಸಾಹೇಬರು ದೀಪಾಲಿಗೆ. “ಹರಕತ ಇದೆ ಎಂದು ಮೇಲೆ ಹಾಕಿ.”

ಪೆನ್ನು ಬಹಳ ಹೊತ್ತು ಓಡಿತು. ಅದು ನಿಲ್ಲುವವರೆಗೆ ಚಂದ್ರಾಬಾಯಿ ಕೂಡಲಿಲ್ಲ.